ಹೊಟ್ಟೆಹುಳುವಿನ ಮಾತ್ರೆಯಿಂದ ಸಿಡಿ4 ಏರುತ್ತದೆಯೇ?

ಪ್ರಶ್ನೆ: ನನಗೆ ಎಚ್‌ಐವಿ ಸೋಂಕಿದ್ದು, ಕೆಲವು ವರ್ಷಗಳಿಂದ ಎಆರ್‌ಟಿ (ಎಚ್‌ಐವಿಯನ್ನು ಹತ್ತಿಕ್ಕುವ ಔಷಧ ಚಿಕಿತ್ಸೆ) ಪಡೆಯುತ್ತಿದ್ದೇನೆ. ಇತ್ತೀಚೆಗೆ ಮಲಪರೀಕ್ಷೆಯಲ್ಲಿ ಕೊಕ್ಕೆಹುಳುವಿನ ಮೊಟ್ಟೆಗಳು ಕಂಡುಬಂದವು. ಹುಳುಗಳಿಂದ ರೋಗನಿರೋಧಕ ಶಕ್ತಿ ಕುಗ್ಗುತ್ತದೆಯೇ? ಹುಳುವಿನ ಮಾತ್ರೆಯನ್ನು ಆಗಾಗ ನುಂಗುತ್ತಿದ್ದರೆ ಸಿಡಿ4 (ಎಚ್‌ಐವಿ ನಾಶಮಾಡುವ ರೋಗನಿರೋಧಕ ಬಿಳಿ ರಕ್ತಕೋಶಗಳ ಸಂಖ್ಯೆ) ಹೆಚ್ಚುತ್ತದೆಯೇ?
– ಹೆಸರು ಬೇಡ

ಉತ್ತರ: ನಿಮ್ಮ ಮೊದಲ ಅನುಮಾನಕ್ಕೆ ಆಧಾರವಿದೆ, ಎರಡನೆಯ ನಿರೀಕ್ಷೆಗೆ ಅಷ್ಟಾಗಿ ಇಲ್ಲ.

ಸಿಡಿ4 ಕೋಶಗಳೆಲ್ಲ ಒಂದೇ ಕೆಲಸ ಮಾಡುವುದಿಲ್ಲ. ವೈರಾಣು ಹೊಕ್ಕ ಕೋಶಗಳನ್ನು ನಾಶಮಾಡಲು ನೆರವಾಗುವ ಬಣವನ್ನು ಟಿಎಚ್‌1 ಎಂದೂ, ಹುಳುಗಳ ವಿರುದ್ಧ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕೋಶಗಳನ್ನೂ ಐಜಿಇ ಎಂಬ ಪ್ರತಿಕಾಯಗಳನ್ನೂ ಹೆಚ್ಚಿಸುವ ಬಣವನ್ನು ಟಿಎಚ್‌2 ಎಂದೂ ಕರೆಯುತ್ತಾರೆ. ಹುಳುಗಳು ವರ್ಷಗಟ್ಟಲೆ ಕರುಳಿನಲ್ಲಿ ಬೀಡುಬಿಟ್ಟಾಗ ದೇಹದ ಒಲವು ಟಿಎಚ್‌2 ಕಡೆಗೆ ವಾಲುವುದಲ್ಲದೆ, ಹುಳುಗಳು ತಮ್ಮ ಉಳಿವಿಗಾಗಿ ಐಎಲ್‌-10ರಂತಹ ಶಮನಕಾರಿ ಸಂಕೇತಗಳನ್ನು ಹೆಚ್ಚಿಸಿಕೊಳ್ಳುವುದರಿಂದ ವೈರಾಣುವಿನ ವಿರುದ್ಧದ ಹೋರಾಟ ಮಂದವಾಗಬಹುದು. ಇನ್ನೊಂದು ತೊಡಕೂ ಇದೆ: ಎಚ್‌ಐವಿ ಸಲೀಸಾಗಿ ವೃದ್ಧಿಯಾಗುವುದು ಪ್ರಚೋದನೆಗೊಂಡ ಸಿಡಿ4 ಕೋಶಗಳಲ್ಲಿ, ದೀರ್ಘಕಾಲದ ಹುಳುಬಾಧೆ ಅಂತಹ ಪ್ರಚೋದನೆಯನ್ನೇ ಜೀವಂತವಾಗಿಡುತ್ತದೆ.

ಹಾಗಾದರೆ ಹುಳು ಹೋದೊಡನೆ ಎಲ್ಲವೂ ಸರಿಹೋಗಬೇಕಿತ್ತು. ಕೀನ್ಯಾದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ದುಂಡುಹುಳು ಇದ್ದ ಎಚ್‌ಐವಿ ಸೋಂಕಿತರಿಗೆ ಅಲ್ಬೆಂಡಜೋಲ್ ಎಂಬ ಹುಳುವಿನ ಮಾತ್ರೆ ಕೊಟ್ಟಾಗ ಸಿಡಿ4 ಸಂಖ್ಯೆ ಸುಧಾರಿಸಿತ್ತು. ಆದರೆ ಅದೇ ದೇಶದಲ್ಲಿ, ಇನ್ನೂ ಎಆರ್‌ಟಿ ಆರಂಭಿಸದಿದ್ದ 948 ಮಂದಿಯ ಮೇಲೆ ನಡೆದು 2012ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಹುಳು ಇದೆಯೋ ಇಲ್ಲವೋ ನೋಡದೆ ಎಲ್ಲರಿಗೂ ಎರಡು ವರ್ಷ ನಿಯತವಾಗಿ ಮಾತ್ರೆ ಕೊಟ್ಟರೂ ರೋಗದ ಮುನ್ನಡೆ ತಗ್ಗಲಿಲ್ಲ. ಇದರಿಂದ ನನಗನಿಸುವುದಿಷ್ಟು: ಹುಳು ಕಂಡಾಗ ಚಿಕಿತ್ಸೆ ಪಡೆಯುವುದು ಸರಿ, ಸಿಡಿ4 ಏರಿಸುವ ಔಷಧವೆಂದು ಅದನ್ನು ನುಂಗುತ್ತಿರುವುದು ಸರಿಯಲ್ಲ. ವೈರಾಣುವನ್ನು ಹತ್ತಿಕ್ಕಿ ಸಿಡಿ4 ಕೋಶಗಳನ್ನು ಕಾಯುವುದು ನಿಮ್ಮ ಎಆರ್‌ಟಿಯೇ. ಒಂದು ಹೊತ್ತಿನ ಮಾತ್ರೆಯೂ ತಪ್ಪದಿರಲಿ.

ಕೊಕ್ಕೆಹುಳುವಿಗೆ ಸಾಮಾನ್ಯವಾಗಿ 400 ಮಿಲಿಗ್ರಾಂ ಅಲ್ಬೆಂಡಜೋಲ್ ಒಂದೇ ಬಾರಿ ಕೊಡುತ್ತಾರೆ. ಗರ್ಭಧಾರಣೆಯ ಮೊದಲ ಮೂರು ತಿಂಗಳಲ್ಲಿ ಇದನ್ನು ಕೊಡುವುದಿಲ್ಲ. ಈ ಹುಳು ಕರುಳಿನ ಒಳಗೋಡೆಗೆ ಕಚ್ಚಿಕೊಂಡು ರಕ್ತ ಹೀರುವುದರಿಂದ ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಿ. ನಿಮ್ಮ ಎಆರ್‌ಟಿಯಲ್ಲಿ ಜಿಡೊವುಡಿನ್ ಇದ್ದರೆ ಅದನ್ನು ವೈದ್ಯರ ಗಮನಕ್ಕೆ ತನ್ನಿ; ಆ ಔಷಧವೂ ರಕ್ತಹೀನತೆ ತರಬಲ್ಲದಾದ್ದರಿಂದ, ಎಲ್ಲವನ್ನೂ ಹುಳುವಿನ ತಲೆಗೆ ಕಟ್ಟಿ ಸುಮ್ಮನಾಗುವಂತಿಲ್ಲ.