ಸುದ್ದಿ ಐದನೆಯ ಪ್ಯಾರಾದಲ್ಲಿದೆ

ಪ್ರಶ್ನೆ: ಮಾನ್ಯರೇ, ಬ್ಯಾಡಗಿ ಸುತ್ತಲಿನ ಮೆಣಸಿನಕಾಯಿ ಬೆಳೆಗಾರರ ಕಂಪನಿಯೊಂದರಲ್ಲಿ ಪ್ರಚಾರದ ಕೆಲಸ ನೋಡಿಕೊಳ್ಳುತ್ತೇನೆ. ಪ್ರತಿ ತಿಂಗಳು ಪತ್ರಿಕಾ ಪ್ರಕಟಣೆ ಬರೆದು, ಪಟ್ಟಿಯಲ್ಲಿರುವ ಎಲ್ಲ ಪತ್ರಕರ್ತರಿಗೂ ಒಂದೇ ಇಮೇಲ್‌ನಲ್ಲಿ ಕಳಿಸುತ್ತೇನೆ. ವರ್ಷದಲ್ಲಿ ಎರಡು ಬಾರಿ ಮಾತ್ರ, ಅದೂ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂದಿತು. ಕಳೆದ ವಾರದ ಪ್ರಕಟಣೆಯನ್ನು ಲಗತ್ತಿಸಿದ್ದೇನೆ. ತಪ್ಪು ಎಲ್ಲಾಗುತ್ತಿದೆ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಪ್ರಕಟಣೆಯನ್ನು ಎರಡು ಸಲ ಓದಿದೆ. ‘ರೈತರ ಸರ್ವಾಂಗೀಣ ಅಭಿವೃದ್ಧಿಯೇ ಧ್ಯೇಯವಾಗಿರುವ ನಮ್ಮ ಸಂಸ್ಥೆಯು ಮತ್ತೊಂದು ಮಹತ್ವದ ಹೆಜ್ಜೆ ಇಟ್ಟಿದೆ’ ಎಂದು ಅದು ಆರಂಭವಾಗುತ್ತದೆ. ಅಲ್ಲಿಂದ ಮುಂದೆ ಅಧ್ಯಕ್ಷರು, ನಿರ್ದೇಶಕರು ಮತ್ತು ವೇದಿಕೆಯಲ್ಲಿದ್ದ ಗಣ್ಯರ ಹೆಸರುಗಳು ಬರುತ್ತವೆ. ಐದನೆಯ ಪ್ಯಾರಾದ ಕೊನೆಯಲ್ಲಿ, ಸದಸ್ಯ ರೈತರು ಈ ಹಂಗಾಮಿನಿಂದ ಕಾಯಿಯನ್ನು ಬರಿನೆಲದ ಮೇಲೆ ಹರವದೆ, ನೆಲದಿಂದ ಎತ್ತರಿಸಿ ಕಟ್ಟಿದ ಜಾಲರಿಯ ಮೇಲೆ ಒಣಗಿಸುತ್ತಿದ್ದಾರೆ ಎಂಬ ಒಂದೇ ಒಂದು ವಾಕ್ಯವಿದೆ. ಇಡೀ ಪ್ರಕಟಣೆಯಲ್ಲಿ ಸುದ್ದಿ ಎಂದಿರುವುದು ಅಷ್ಟೇ. ನಾನು ಬಹಳ ವರ್ಷ ಡೆಸ್ಕ್‌ನಲ್ಲಿ ಕೆಲಸ ಮಾಡಿದ್ದೇನೆ. ಸಂಜೆ ಪುಟ ಕಟ್ಟುವ ಹೊತ್ತಿಗೆ ಉಪಸಂಪಾದಕರು ಇಮೇಲ್‌ನ ವಿಷಯದ ಸಾಲನ್ನೂ ಮೊದಲ ಎರಡು ವಾಕ್ಯಗಳನ್ನೂ ನೋಡಿ ತೀರ್ಮಾನಿಸುತ್ತಾರೆ. ಐದನೆಯ ಪ್ಯಾರಾ ತಲುಪುವಷ್ಟು ವ್ಯವಧಾನ ಆ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ.

ಆ ವಾಕ್ಯ ಏಕೆ ಸುದ್ದಿ ಎಂಬುದನ್ನೂ ನೀವೇ ಹೇಳಬೇಕು. ತೇವದ ನೆಲದ ಮೇಲೆ ನಿಧಾನವಾಗಿ ಒಣಗುವ ಕಾಯಿಗೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿಕೊಳ್ಳಬಹುದು. ಐರೋಪ್ಯ ಒಕ್ಕೂಟವು ಒಣಮೆಣಸಿನಕಾಯಿಯಲ್ಲಿ ಇದರ ಒಟ್ಟು ಪ್ರಮಾಣ ಕಿಲೋಗೆ 10 ಮೈಕ್ರೊಗ್ರಾಂ ಮೀರಬಾರದೆಂದು ಮಿತಿ ಹಾಕಿದ್ದು, ಮೀರಿದ ಸರಕನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ, ಕಡುಗೆಂಪು ಬಣ್ಣಕ್ಕೆ ಹೆಸರಾದ ಬೆಳೆಯೊಂದನ್ನು ಅದೇ ಊರಿನ ರೈತರು ಹೀಗೆ ಕಾಪಾಡಿಕೊಳ್ಳಲು ಹೊರಟಿದ್ದಾರೆ ಎಂದರೆ, ಅದನ್ನು ಬರೆಯಲು ಒಪ್ಪದ ಕೃಷಿ ವರದಿಗಾರರು ವಿರಳ. ಆದ್ದರಿಂದ ‘ಬ್ಯಾಡಗಿ ತಾಲ್ಲೂಕಿನ ಇಂತಿಷ್ಟು ರೈತರು ಈ ಬಾರಿ ಮೆಣಸಿನಕಾಯಿಯನ್ನು ನೆಲಕ್ಕೆ ತಾಗಿಸದೆ ಒಣಗಿಸುತ್ತಿದ್ದಾರೆ’ ಎಂದೇ ಆರಂಭಿಸಿ. ಒಂದು ಜಾಲರಿಗೆ ಖರ್ಚೆಷ್ಟು, ಹಣ ಕೊಟ್ಟವರು ಯಾರು, ಮಾರುಕಟ್ಟೆಯಲ್ಲಿ ಕ್ವಿಂಟಲ್‌ಗೆ ದರ ಹೆಚ್ಚು ಸಿಕ್ಕಿತೇ ಎಂಬುದು ಅದರ ಬೆನ್ನಿಗೇ ಬರಲಿ. ಕಾಯಿಯನ್ನು ಪ್ರಯೋಗಾಲಯಕ್ಕೆ ಇನ್ನೂ ಕಳಿಸಿಲ್ಲವಾದರೆ ಕಳಿಸಿಲ್ಲವೆಂದೇ ಬರೆಯಿರಿ. ವರದಿಗಾರರು ಕೇಳುವ ಮೊದಲ ಪ್ರಶ್ನೆಯೇ ಅದಾಗಿರುತ್ತದೆ. ಮಾತನಾಡಲು ಒಪ್ಪುವ ಒಬ್ಬ ರೈತರ ಫೋನ್ ನಂಬರನ್ನು ಅವರ ಅನುಮತಿ ಪಡೆದು ಕೊಡಿ. ಗಣ್ಯರ ಹೆಸರು ಕೊನೆಗಿರಲಿ. ಅಧ್ಯಕ್ಷರಿಗೆ ಬೇಸರವಾದೀತು, ಆದರೂ ಈ ಮಾತನ್ನು ಅವರೊಡನೆ ಆಡಲೇಬೇಕು.

ಇನ್ನು ಆ ದೊಡ್ಡ ಪಟ್ಟಿ. ಸಿನಿಮಾ ಪುಟದವರಿಗೂ ಕ್ರೀಡಾ ವರದಿಗಾರರಿಗೂ ಒಣಮೆಣಸಿನಕಾಯಿಯ ಪ್ರಕಟಣೆ ಹೋದರೆ, ನಿಮ್ಮ ಹೆಸರು ಕಂಡಕೂಡಲೇ ಅಳಿಸುವ ಅಭ್ಯಾಸ ಅವರಿಗೆ ಬೆಳೆಯುತ್ತದೆ. ನಿಮ್ಮ ಜಿಲ್ಲಾ ವರದಿಗಾರರು, ಕೃಷಿ ಪುರವಣಿ ನೋಡಿಕೊಳ್ಳುವವರು, ರಫ್ತಿನ ಬಗ್ಗೆ ಬರೆಯುವ ಒಬ್ಬಿಬ್ಬರು ಸಾಕು. ಅವರು ಈಚೆಗೆ ಬರೆದದ್ದನ್ನು ಓದಿ, ಹೆಸರು ಹಿಡಿದು, ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಬರೆಯಿರಿ. ಜಿಲ್ಲಾ ವರದಿಗಾರರಿಗೆ ಹಳ್ಳಿಯ ಹೆಸರು ಮುಖ್ಯ, ರಫ್ತಿನ ವರದಿಗಾರರಿಗೆ ಆ 10 ಮೈಕ್ರೊಗ್ರಾಂ ಮುಖ್ಯ.

ಮತ್ತೊಂದು ವಿಷಯ ಸಣ್ಣದೆನಿಸಿದರೂ ಹೇಳಲೇಬೇಕು. ನಿಮ್ಮ ಪ್ರಕಟಣೆ ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿತ್ತು. ನನ್ನ ಫೋನಿನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲುಗಳಷ್ಟೇ ಕಂಡವು. ಓದಲು ಕಂಪ್ಯೂಟರ್ ಬಳಿಗೆ ಹೋಗಬೇಕಾಯಿತು. ತಾಲ್ಲೂಕಿನಿಂದ ಬೈಕಿನಲ್ಲಿ ಮರಳುತ್ತಿರುವ ವರದಿಗಾರರು ಹಾಗೆ ಮಾಡಲಾರರು. ಯೂನಿಕೋಡ್‌ನಲ್ಲಿ ಬರೆದು ಇಮೇಲ್‌ನ ಒಡಲಲ್ಲೇ ಇಡಿ. ಲೆಟರ್‌ಹೆಡ್‌ನ ಸ್ಕ್ಯಾನ್ ಪ್ರತಿಯಿಂದ ಒಂದು ಸಾಲನ್ನೂ ನಕಲು ಮಾಡಿಕೊಳ್ಳಲಾಗದು. ವಾಟ್ಸ್‌ಆ್ಯಪ್‌ನಲ್ಲಿ ಹಾಗೇ ಕಳಿಸಿದ ಫೋಟೊ ಕುಗ್ಗುತ್ತದೆ, ಆದ್ದರಿಂದ ಡಾಕ್ಯುಮೆಂಟ್ ಆಗಿ ಕಳಿಸಿ. ಜೊತೆಗೆ ‘ಎಡದಿಂದ’ ಎಂದು ಹೆಸರುಗಳನ್ನು ಬರೆದುಕೊಡಿ.

ಪ್ರಶ್ನೆ: ಇಮೇಲ್ ಕಳಿಸಿದ ಮೇಲೆ ‘ತಲುಪಿತೇ’ ಎಂದು ಫೋನ್ ಮಾಡುವುದು ಸರಿಯೇ?
– ಓದುಗರು, ಶಿವಮೊಗ್ಗ

ಉತ್ತರ: ಅಷ್ಟನ್ನೇ ಕೇಳಲು ಬೇಡ. ಹೊಸ ಮಾಹಿತಿಯೇನಾದರೂ ಇದ್ದರೆ ಮರುದಿನ ಬೆಳಿಗ್ಗೆ ಒಮ್ಮೆ ಮಾತನಾಡಬಹುದು. ಪುಟ ಕಟ್ಟುವ ಸಂಜೆಯ ಹೊತ್ತಿನಲ್ಲಂತೂ ಖಂಡಿತ ಬೇಡ.

ಪ್ರಶ್ನೆ: ನಾನು ಆಸ್ಪತ್ರೆಯೊಂದರ ಸಂಪರ್ಕಾಧಿಕಾರಿ. ಶಿಬಿರಗಳ ಪ್ರಕಟಣೆಯಲ್ಲಿ ಷರತ್ತುಗಳನ್ನು ಬರೆದರೆ ಜನ ಬರುವುದಿಲ್ಲ, ‘ಉಚಿತ’ ಎಂದಷ್ಟೇ ಇರಲಿ ಎಂದು ಮೇಲಿನವರು ಹೇಳುತ್ತಾರೆ. ಏನು ಮಾಡಲಿ?
– ಓದುಗರು, ಮೈಸೂರು

ಉತ್ತರ: ಹಿಂದೊಮ್ಮೆ ‘ಉಚಿತ ನೇತ್ರ ಚಿಕಿತ್ಸಾ ಶಿಬಿರ’ ಎಂಬ ಪ್ರಕಟಣೆಯನ್ನು ನಾನೇ ಪುಟಕ್ಕೆ ಹಾಕಿದ್ದೆ. ಮೊದಲ ಬಸ್ ಹಿಡಿದು ಹಳ್ಳಿಗಳಿಂದ ಬಂದ ವೃದ್ಧರಿಗೆ, ತಪಾಸಣೆಯಷ್ಟೇ ಉಚಿತ, ಔಷಧಕ್ಕೂ ಕನ್ನಡಕಕ್ಕೂ ಹಣ ಕೊಡಬೇಕು ಎಂದು ಸರದಿಯಲ್ಲಿ ನಿಂತ ಮೇಲೆ ತಿಳಿಯಿತು. ಮರುದಿನ ನಮ್ಮ ಕಚೇರಿಗೆ ಬಂದ ಫೋನ್ ಕರೆಗಳನ್ನು ಇಂದಿಗೂ ಮರೆತಿಲ್ಲ. ಆ ಸಂಸ್ಥೆಯ ಯಾವ ಪ್ರಕಟಣೆಯನ್ನೂ ಆಮೇಲೆ ನಾವು ವಿಚಾರಿಸದೆ ಹಾಕಲಿಲ್ಲ.

ಸಾರ್ವಜನಿಕ ಸಂಪರ್ಕ ವೃತ್ತಿಗೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಅಮೆರಿಕದ ಐವಿ ಲೀ ಅವರು 1906ರಲ್ಲಿಯೇ ಪತ್ರಿಕೆಗಳಿಗೆ ಕಳಿಸಿದ ಹೇಳಿಕೆಯಲ್ಲಿ, ತಮ್ಮ ಕೆಲಸವೆಲ್ಲ ಬಹಿರಂಗವಾಗಿಯೇ ನಡೆಯುತ್ತದೆ, ತಾವು ಕಳಿಸಿದ್ದು ಜಾಹೀರಾತು ವಿಭಾಗಕ್ಕೆ ಹೋಗಬೇಕಾದದ್ದು ಎನಿಸಿದರೆ ಬಳಸಬೇಡಿ ಎಂದು ತಿಳಿಸಿದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಟ್ಲಾಂಟಿಕ್ ಸಿಟಿಯ ಬಳಿ ರೈಲು ಸೇತುವೆಯಿಂದ ನೀರಿಗೆ ಬಿದ್ದು 50ಕ್ಕೂ ಹೆಚ್ಚು ಮಂದಿ ಸತ್ತಾಗ, ಪೆನ್ಸಿಲ್ವೇನಿಯಾ ರೈಲ್ವೆ ಕಂಪನಿಯ ಪರವಾಗಿ ವಿವರಗಳನ್ನು ತಾವೇ ಬರೆದು ಪತ್ರಿಕೆಗಳಿಗೆ ಹಂಚಿದ್ದರು. ಇದನ್ನು ನಿಮ್ಮ ಮೇಲಿನವರಿಗೆ ತಿಳಿಸಿ. ‘ತಪಾಸಣೆ ಉಚಿತ, ಔಷಧ ಮತ್ತು ಕನ್ನಡಕಕ್ಕೆ ಇಷ್ಟು ರೂಪಾಯಿ, ಹಳೆಯ ಚೀಟಿ ಇದ್ದರೆ ತನ್ನಿ’ ಎಂಬ ಸಾಲನ್ನು ಶಿಬಿರದ ದಿನಾಂಕದ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ ಇಡಿ.