ಸಿನಿಮಾಕ್ಕೆ ಕಾಯಬೇಡಿ, ಕಥೆ ನೀವೇ ಹೇಳಿ

ಪ್ರಶ್ನೆ: ನಾನು ವಿಜಯಪುರದಲ್ಲಿ ಹೈಸ್ಕೂಲ್ ವಿಜ್ಞಾನ ಶಿಕ್ಷಕಿ. ಆರ್ಥರ್ ಸಿ. ಕ್ಲಾರ್ಕ್ ಅವರ ವೈಜ್ಞಾನಿಕ ಕಾದಂಬರಿ ‘ರೆಂಡೆವೂ ವಿತ್ ರಾಮ’ ಅಂದ್ರೆ ನನಗೆ ಪ್ರಾಣ. ಅದು ಸಿನಿಮಾ ಆಗಲಿ ಎಂದು ವರ್ಷಗಳಿಂದ ಕಾಯುತ್ತಿದ್ದೇನೆ. ನಮ್ಮ ಮನೆಯವರು ದ್ರಾಕ್ಷಿ ಬೆಳೆಗಾರರು, ಓದುವ ಹವ್ಯಾಸವಿಲ್ಲ. ಕಥೆ ಹೇಳಲು ಹೋದರೆ ‘ಪಿಚ್ಚರ್ ಬರಲಿ ತಗೋ, ನೋಡೂಣಂತ’ ಅಂತಾರೆ. ಸಿನಿಮಾ ನೋಡಿಯಾದರೂ ನನ್ನ ಹುಚ್ಚು ಅವರಿಗೆ ಅರ್ಥವಾದೀತು ಎಂಬ ಆಸೆ. ಸಿನಿಮಾನೇ ಕೆಟ್ಟರೆ? ಆ ಭಯವೂ ಇದೆ. ಏನು ಮಾಡಲಿ?

ಉತ್ತರ: ತಂಗೀ, ನಿಮ್ಮ ಪತ್ರದಲ್ಲಿ ಸಿನಿಮಾದ ಚಿಂತೆಗಿಂತ ಮನೆಯವರ ಚಿಂತೆಯೇ ಜಾಸ್ತಿ ಕಾಣುತ್ತದೆ.

ಮೊದಲು ಸಿನಿಮಾದ ಮಾತು ಮುಗಿಸೋಣ. ಕಾದಂಬರಿ ಬಂದದ್ದು 1973ರಲ್ಲಿ. ನಟ ಮಾರ್ಗನ್ ಫ್ರೀಮನ್ ಇಪ್ಪತ್ತು ವರ್ಷಕ್ಕೂ ಹಿಂದೆಯೇ ಇದನ್ನು ಸಿನಿಮಾ ಮಾಡಬೇಕೆಂದು ಬೆನ್ನು ಹತ್ತಿದವರು. 2021ರಲ್ಲಿ ದೆನಿ ವಿಲ್ನವ್ ನಿರ್ದೇಶಿಸುತ್ತಾರೆ ಎಂಬ ಸುದ್ದಿ ಬಂತು. ಅದು ತೆರೆಗೆ ಬರುವವರೆಗೆ ಮನಸ್ಸಿನ ಮಾತನ್ನು ಗಂಟು ಕಟ್ಟಿ ಇಡುತ್ತೀರಾ?

ಕಥೆ ಬದಲಾದರೆ ಎಂದು ನಿದ್ದೆಗೆಡಬೇಡಿ. ಕ್ಲಾರ್ಕ್ ಅವರ ‘2001’ ಕಾದಂಬರಿಯಲ್ಲಿ ನೌಕೆ ಹೋಗುವುದು ಶನಿಗ್ರಹಕ್ಕೆ. ಅದರ ಉಂಗುರಗಳನ್ನು ನಂಬುವ ಹಾಗೆ ತೋರಿಸುವುದು ಕಷ್ಟವಾಗಿ, 1968ರ ಸಿನಿಮಾದಲ್ಲಿ ಗುರುಗ್ರಹಕ್ಕೆ ಹೋಯಿತು. 1982ರಲ್ಲಿ ಮುಂದಿನ ಭಾಗ ಬರೆದಾಗ ಕ್ಲಾರ್ಕ್ ಸಿನಿಮಾದ ಗುರುವನ್ನೇ ಉಳಿಸಿಕೊಂಡರು. ಬರೆದವರೇ ಒಪ್ಪಿದರಲ್ವಾ?

ನನ್ನ ಹೆದರಿಕೆ ಬೇರೆ. ಸಿನಿಮಾ ಚೆನ್ನಾಗಿಯೇ ಬಂದು, ನಿಮ್ಮವರಿಗೆ ಅದರಲ್ಲಿ ಬೇರೇನೋ ಇಷ್ಟವಾದರೆ? ‘ರಾಮ’ನ ಕಥೆಯಲ್ಲಿ ಖಳನಾಯಕನಿಲ್ಲ. ಎಲ್ಲಿಂದಲೋ ಬರುವ ಆ ರಾಮ ಎಂಬ ನೌಕೆ ಕಟ್ಟಿದವರು ಯಾರು ಅಂತ ಕೊನೆಗೂ ಗೊತ್ತಾಗುವುದಿಲ್ಲ. ಮನುಷ್ಯರನ್ನು ಕ್ಯಾರೇ ಅನ್ನದೆ ಅದು ಸೂರ್ಯನ ಪಕ್ಕದಿಂದ ಹಾದು ಹೋಗಿಬಿಡುತ್ತದೆ. ನನಗಂತೂ ಇಡೀ ಪುಸ್ತಕದ ಸೊಗಸು ಅಲ್ಲೇ ಇದೆ ಅನ್ನಿಸುತ್ತದೆ. ಸಿನಿಮಾದವರು ಅಲ್ಲೊಂದು ಹೊಡೆದಾಟ ಸೇರಿಸಿದರೆ ನಿಮ್ಮವರು ಶಿಳ್ಳೆ ಹೊಡೆದು ಬರಬಹುದು, ನಿಮ್ಮ ಮನಸ್ಸು ಮಾತ್ರ ಅವರಿಗೆ ತಿಳಿದಿರುವುದಿಲ್ಲ. ಅದನ್ನು ತಿಳಿಸುವುದು ನಿಮ್ಮ ಕೆಲಸ, ಯಾವ ನಿರ್ದೇಶಕರದ್ದೂ ಅಲ್ಲ.

ಅದಕ್ಕೆ ತಕ್ಕ ಜಾಗ ನಿಮ್ಮೂರಲ್ಲೇ ಇದೆಯಲ್ಲ! ದ್ರಾಕ್ಷಿ ಕಟಾವು, ಒಣಗಿಸುವ ಗಡಿಬಿಡಿ ಮುಗಿಯಲಿ. ಒಂದು ದಿನ ಬೆಳಿಗ್ಗೆ ಬೇಗ, ಪ್ರವಾಸದ ಹುಡುಗರು ಬಂದು ಕೂಗಾಡುವ ಮೊದಲೇ, ಇಬ್ಬರೂ ಗೋಳಗುಮ್ಮಟಕ್ಕೆ ಹೋಗಿ. ಮೂಲೆಯ ಗೋಪುರದ ಇಕ್ಕಟ್ಟಾದ ಮೆಟ್ಟಿಲು ಹತ್ತುವಾಗಲೇ ಕಥೆ ಶುರು ಮಾಡಿ. ಕಥೆಯ ಕಮಾಂಡರ್ ನಾರ್ಟನ್ ಮತ್ತು ಸಂಗಡಿಗರು ನೌಕೆಯೊಳಗೆ, ಕಗ್ಗತ್ತಲಲ್ಲಿ, ಕಿಲೋಮೀಟರುಗಟ್ಟಲೆ ಮೆಟ್ಟಿಲು ಇಳಿದದ್ದನ್ನು ಹೇಳಿ. ಪಿಸುಮಾತಿನ ಗ್ಯಾಲರಿ ಮುಟ್ಟಿದ ಮೇಲೆ ಅವರನ್ನು ಎದುರು ಬದಿಗೆ ಕಳಿಸಿ. ಗೋಡೆಯ ಹತ್ತಿರ ಬಾಯಿಟ್ಟು ಮೆಲ್ಲಗೆ ಹೇಳಿ: ಸುಮಾರು 50 ಕಿಲೋಮೀಟರ್ ಉದ್ದ, 20 ಕಿಲೋಮೀಟರ್ ಅಗಲದ, ಕೊಳವೆಯಂಥ ಟೊಳ್ಳು ನೌಕೆ. ನಾಲ್ಕು ನಿಮಿಷಕ್ಕೊಂದು ಸುತ್ತು. ಅದು ತಿರುಗುವುದರಿಂದಲೇ ಒಳಗೋಡೆ ನೆಲವಾಗುತ್ತದೆ. ನಡುವೆ ಬಳೆಯಂತೆ ಸುತ್ತುವರಿದ ಸಮುದ್ರ, ಕತ್ತೆತ್ತಿದರೆ ನೀರು ನೆತ್ತಿಯ ಮೇಲೆ! ಹೊರ ಅಳತೆಯಲ್ಲಿ 44 ಮೀಟರ್ ಅಡ್ಡಗಲದ ಗುಮ್ಮಟದ ಕೆಳಗೆ, ನಡುವೆ ಒಂದು ಕಂಬವೂ ಇಲ್ಲದ ಕಡೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟಾದರೂ ಅವರು ಆಕಳಿಸಿದರೆ ಬೇಜಾರಾಗಬೇಡಿ. ಕಥೆ ಅವರಿಗೂ ಹಿಡಿಸಲೇಬೇಕು ಅಂತೇನಿಲ್ಲ. ನಿಮಗೆ ಯಾಕೆ ಹಿಡಿಸಿತು ಅಂತ ಕೇಳಿಸಿಕೊಂಡರೆ ಸಾಕು. ಕೇಳಿಸಿಕೊಳ್ಳಲೂ ಅವರು ತಯಾರಿಲ್ಲ ಅಂದ್ರೆ ಸಮಸ್ಯೆ ಪುಸ್ತಕದ್ದಲ್ಲ. ಆಗ ಮುಚ್ಚಿಡದೆ ಮತ್ತೊಂದು ಪತ್ರ ಬರೆಯಿರಿ, ಆ ಮಾತು ಆಡೋಣ.