ಬಾಗಿಲು ಬಡಿದದ್ದು ಯಾರ ಮುಖಕ್ಕೆ?

ನಮಸ್ಕಾರ. ಅಮೆರಿಕದ ಇವ್ಯಾಂಜೆಲಿಕಲ್ (ಬೈಬಲ್ಲೇ ಅಂತಿಮ ಎನ್ನುವ ಪ್ರಾಟೆಸ್ಟೆಂಟ್ ಪಂಥ) ಗುರು ಫ್ರಾನ್ಸಿಸ್ ಶೇಫರ್ ಅವರ ಮಗ ಫ್ರಾಂಕ್, ಮನೆಯವರ ಚಳವಳಿಯಿಂದ ದೂರವಾದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸರಾಗವಾಗಿದೆ. ತಾಯಿ ಎಡಿತ್ ಕುರಿತ ಭಾಗ ಚೆನ್ನಾಗಿದೆ. ಎರಡನೇ ಪುಟಕ್ಕೆ ಬಂದಾಗ ಮಾತ್ರ ಸಿಟ್ಟು ಬಂತು.

"ತಂದೆಯ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಬಾಗಿಲನ್ನು ಧಡಾರನೆ ಎಳೆದುಕೊಂಡು ಫ್ರಾಂಕ್ ಹೊರನಡೆದ." ಯಾವ ತಂದೆ, ಸ್ವಾಮಿ? ಫ್ರಾನ್ಸಿಸ್ ಕ್ಯಾನ್ಸರ್‌ನಿಂದ ತೀರಿಕೊಂಡದ್ದು 1984ರಲ್ಲಿ. ಮಗ ಆ ಪಂಥ ಬಿಟ್ಟು ಗ್ರೀಕ್ ಆರ್ಥೊಡಾಕ್ಸ್ ಎಂಬ ಇನ್ನೊಂದು ಕ್ರೈಸ್ತ ಸಭೆ (ಚರ್ಚ್) ಸೇರಿದ್ದು 1990ರಲ್ಲಿ. ಎರಡೂ ಇಸವಿ ನಿಮ್ಮ ಲೇಖನದಲ್ಲೇ ಇವೆ, ಬೇರೆ ಬೇರೆ ಪುಟಗಳಲ್ಲಿ! ಜಗಳವಾಡಲು ಎದುರಿಗೆ ಅಪ್ಪನೇ ಇಲ್ಲದಿದ್ದಾಗ ಬಿಟ್ಟುಹೋಗುವುದು ಹೇಗಿರುತ್ತದೆ? ಬರೆಯಬೇಕಾದದ್ದು ಅದು.

ಮುಂದಿನ ಸಾಲು: "ಅಪ್ಪ ಕಟ್ಟಿದ ಪಂಜರದಿಂದ ಹಕ್ಕಿ ಹಾರಿತು." 1955ರಲ್ಲಿ ಸ್ವಿಟ್ಜರ್ಲೆಂಡಿನ ಯುಎಮೋ ಹಳ್ಳಿಯಲ್ಲಿ ಲಾಬ್ರಿ ಎಂಬ ಕ್ರೈಸ್ತ ಅಧ್ಯಯನ ಕೇಂದ್ರ ಶುರು ಮಾಡಿದ್ದು ಅಪ್ಪ ಅಮ್ಮ, ಒಪ್ಪಿದೆ. ಆದರೆ ಎಪ್ಪತ್ತರ ದಶಕದಲ್ಲಿ ಅಪ್ಪನ ಮಾತನ್ನು ಸಿನಿಮಾ ಸರಣಿ ಮಾಡಿ ಅಮೆರಿಕದ ಚರ್ಚುಗಳಿಗೆ ಮುಟ್ಟಿಸಿದವನು ಇದೇ ಮಗ. ಗರ್ಭಪಾತದ ವಿರೋಧ ಕ್ಯಾಥೊಲಿಕರ ವಿಷಯ, ನಮಗೇಕೆ ಎಂದು ಅಪ್ಪ ಹಿಂಜರಿದಾಗ ಹಟ ಹಿಡಿದು ಒಪ್ಪಿಸಿದ್ದು ತಾನೇ ಎಂದು ಅವನೇ ಹೇಳಿಕೊಂಡಿದ್ದಾನೆ. ನೀವು ಅದನ್ನೆಲ್ಲ "ಯೌವನದ ಹುಮ್ಮಸ್ಸು" ಎಂದು ದಾಟಿಸಿಬಿಟ್ಟಿದ್ದೀರಿ. ಪಂಜರಕ್ಕೆ ಕಂಬಿ ಜೋಡಿಸಿದವರಲ್ಲಿ ಹಕ್ಕಿಯೂ ಇತ್ತಲ್ಲ? ಅವನ ಇವತ್ತಿನ ಮಾತಿನಲ್ಲಿರುವ ಉರಿ ಅಲ್ಲಿಂದಲೇ ಬಂದದ್ದು ಅಂತ ನನ್ನ ಅನಿಸಿಕೆ.

ನಾನು ಪತ್ರಿಕೆಗೆ ಸೇರಿದ ಹೊಸತರಲ್ಲಿ ಹಿರಿಯ ಉಪಸಂಪಾದಕರೊಬ್ಬರಿದ್ದರು. ಬೈಗುಳವನ್ನೂ ಕಾಗುಣಿತ ತಪ್ಪದೆ ಅಂಚಿನಲ್ಲಿ ಬರೆಯುವವರು. ಯಾರ ವ್ಯಕ್ತಿಚಿತ್ರ ಒಯ್ದರೂ ಹಾಳೆ ಓದುವ ಮೊದಲೇ ಕೇಳುತ್ತಿದ್ದರು: "ಇವನಿಂದ ನೊಂದವರು ಯಾರು? ಅವರನ್ನು ಎಲ್ಲಿ ಕೂರಿಸಿದ್ದೀಯ?" ನಾವು ಹುಡುಗರೆಲ್ಲ ಅವರ ಮೇಜಿಗೆ ಹೋಗುವ ಮುಂಚೆ ಒಬ್ಬರನ್ನೊಬ್ಬರು ಅದೇ ಪ್ರಶ್ನೆ ಕೇಳಿಕೊಂಡು ತಾಲೀಮು ಮಾಡುತ್ತಿದ್ದೆವು. ಅವರಿದ್ದಿದ್ದರೆ ನಿಮ್ಮನ್ನೂ ಬಿಡುತ್ತಿರಲಿಲ್ಲ. ಫ್ರಾಂಕ್‌ಗೆ ಮೂವರು ಅಕ್ಕಂದಿರು. ಅವರ ಸುದ್ದಿಯೇ ಇಲ್ಲ. ಅವನ ಚಿತ್ರ ನೋಡಿ ಗರ್ಭಪಾತ ವಿರೋಧಿ ಚಳವಳಿಗೆ ಇಳಿದ ಜನ ಇದ್ದರಲ್ಲ, ಅವರದೂ ಇಲ್ಲ.

ತಿದ್ದಿ ಕಳಿಸಿ, ಓದುತ್ತೇನೆ. "ಧರ್ಮ ತೊರೆದ ಮಗ" ಅನ್ನುವ ಶೀರ್ಷಿಕೆ ಮಾತ್ರ ಬೇಡವೇ ಬೇಡ. ಅವನು ಹೋಗಿ ಸೇರಿದ್ದು ಇನ್ನೊಂದು ಸಭೆಯನ್ನು, ಅದೂ ಅಪ್ಪನದಕ್ಕಿಂತ ಎಷ್ಟೋ ಹಳೆಯದನ್ನು.